ಗುಡ್ಡಕ್ಕೆ ಹೋದ ಹೊಲ

ಶ್ರಾವಣದ ಎರಡನೆಯ ಶನಿವಾರ, ಬೆಳಿಗ್ಗೆ ಆರು ಗಂಟೆ. ಹಿಂದೂಪುರದ ಬಸ್ ನಿಲ್ದಾಣದಲ್ಲಿ ನಾನು ಮತ್ತು ನಮ್ಮ ಯಜಮಾನರು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ನನಗೆ ಆರು ಎಂದರೆ ಆರೇ. ಯಜಮಾನರು ಹುಣಸೆ ವ್ಯಾಪಾರಿ. ಅವರಿಗೆ ಆರು ಎಂದರೆ ಏಳರೊಳಗೆ ಯಾವಾಗಲಾದರೂ. ಅಂದು ಹೇಗೋ ಹೊರಡಿಸಿದ್ದೆ.

ಆಧಾರ್ ಕಾರ್ಡ್ ತೋರಿಸಿದ್ದರಿಂದ ನನಗೆ ಪ್ರಯಾಣ ಪುಕ್ಕಟೆ. ಯಜಮಾನರು ನೋಟು ಬಿಚ್ಚುತ್ತಾ ಕಂಡಕ್ಟರಿಗೆ, "ಮುಂದಿನ ಜನ್ಮಕ್ಕೆ ಹೆಣ್ಣಾಗಿ ಹುಟ್ಬುಡ್ತೀನಿ ಕಣಪ್ಪ" ಎಂದರು.

"ವದ್ದು ಸಾಮಿ, ಬ್ಯಾಡ, ಆಮೇಲೆ ಅಡುಗೇನೂ ನೀವೇ ಮಾಡ್ಬೇಕಾಯ್ತದೆ" ಎಂದ ಅವನು.

ಪೆನುಕೊಂಡದವರೆಗೆ ಮೋಡ, ಮುಂದೆ ಸುಡು ಬಿಸಿಲು. ಕಲ್ಯಾಣದುರ್ಗ ತಲುಪಿದಾಗ ಹತ್ತು ದಾಟಿತ್ತು. ನಿಲ್ದಾಣದ ಎದುರು ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ತಿಂದು ಕುಂದುರ್ಪಿಯ ಕಡೆಯ ಆಟೋ ಹತ್ತಿದೆವು. ಆ ದಾರಿಯಲ್ಲಿ ನನ್ನ ತವರೂರು. ಅಪ್ಪನ ಒಂದೂವರೆ ಎಕರೆ ಹೊಲವನ್ನು ತಂಗಿ ಗಂಗಮ್ಮ ನೋಡಿಕೊಂಡಿದ್ದಾಳೆ. "ಗುಡ್ಡ ಕೆಂಪಗಾಗೈತೆ, ಬಂದು ನೋಡ್ಕೊಂಡು ಹೋಗಕ್ಕ" ಎಂದು ಅವಳು ಫೋನು ಮಾಡಿದ್ದರಿಂದಲೇ ಈ ಪ್ರಯಾಣ.

ಅದು ಬಳಪದ ಕಲ್ಲಿನ ಗುಡ್ಡ. ಗಣಿ ನಿಂತು ವರ್ಷಗಳಾದವು. ಅಗೆದು ಸುರಿದ ಬಿಳಿ ಪುಡಿ ಮಾತ್ರ ಹಾಗೇ ಉಳಿದಿತ್ತು. ಒಣಗಿದರೆ ಗಾಳಿಯಲ್ಲಿ ಹಾರಿ ಸುತ್ತಲಿನ ಹೊಲಗಳಿಗೆ ಬೀಳುವುದು. ನೆನೆದರೆ ಸಾಬೂನಿನಂತೆ ಜಾರುವುದು. ಅದರಲ್ಲಿ ಗರಿಕೆಯೂ ಬೇರು ಬಿಡುತ್ತಿರಲಿಲ್ಲ. ಗಂಗಮ್ಮನ ಮಹಿಳಾ ಗುಂಪಿಗೆ ಹುಲ್ಲು, ಗಿಡ ಬೆಳೆಸಲೆಂದು ಸರ್ಕಾರದವರು ಆ ಇಳಿಜಾರನ್ನು ಕೊಟ್ಟಿದ್ದರು. ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಮೇಲೆ ಕೆಂಪು ಮಣ್ಣು ಹರಡಬೇಕೆಂಬುದು ಕರಾರು.

ಆಟೋ ಇಳಿದಾಗ ಕಣ್ಣು ತಣಿಯಿತು. ಮೇಲಿನ ಮೆಟ್ಟಿಲುಗಳಲ್ಲಿ ಮೊಣಕಾಲೆತ್ತರದ ಹಸಿರು. ಕೆಳಗಿನದು ಮಾತ್ರ ಬರೀ ಕೆಂಪು ಮಣ್ಣು. ಮೊನ್ನೆಯ ಮಳೆಗೆ ಒಂದು ಕಡೆ ಜಾರಿ ಬಿಳಿ ಪುಡಿ ಹೊರಬಿದ್ದಿತ್ತು. "ಪರವಾಗಿಲ್ಲ ನಿಮ್ಮ ತಂಗಿ" ಎಂದರು ಯಜಮಾನರು. ಹೆಮ್ಮೆಯಿಂದಲೇ ಗುಡ್ಡದ ಬುಡದ ನಮ್ಮ ಹೊಲದ ಬದುವಿನ ಮೇಲೆ ನಡೆದೆ.

ಹೊಲ ಇರಲಿಲ್ಲ. ನಾಲ್ಕು ಬದು ಇದ್ದವು, ನಡುವೆ ಮೊಣಕಾಲುದ್ದ ಹಳ್ಳ. ತಳದಲ್ಲಿ ಗರಸು ಕಲ್ಲು. ಶೇಂಗಾ ಹಬ್ಬಿರಬೇಕಾದ ಕಾಲದಲ್ಲಿ ಜೆಸಿಬಿಯ ಹಲ್ಲಿನ ಗೀರುಗಳು. ಕಳ್ಳರು ಮಣ್ಣು ಹೊಡೆದಿದ್ದಾರೆಂದೇ ತಿಳಿದೆ. ಬದುವಿನ ಮೇಲೆ ನಿಂತು ಕಳ್ಳರು, ಕಳ್ಳರು ಎಂದು ಕೂಗಿದೆ.

ಗಂಗಮ್ಮ ಓಡಿ ಬಂದಳು. "ಕೂಗ್ಬ್ಯಾಡಕ್ಕ. ಕಳ್ರು ಯಾರೂ ಇಲ್ಲ. ನಾನೇ ತೆಗೆಸಿದ್ದು. ಗುಡ್ಡದ ಮ್ಯಾಗಿರೋದು ಇದೇ ಮಣ್ಣು ಕಣಕ್ಕ."

ನಾನು ತಿರುಗಿ ಗುಡ್ಡದ ಕಡೆ ನೋಡಿದೆ.

"ಕೆರೆ ಮಣ್ಣು ತರಾನ ಅಂದ್ಕಂಡಿದ್ವಿ. ಅಷ್ಟ್ರಲ್ಲಿ ಕೆರೆಗೆ ನೀರು ಬಂದ್ಬುಡ್ತು. ಗಡುವಿನೊಳಗೆ ಮಣ್ಣು ಬೀಳ್ದಿದ್ರೆ ಗುಡ್ಡ ವಾಪಸ್ ತಗೋತೀವಿ ಅಂದ್ರು. ಲೀಡ್ರು ನಾನು. ಇನ್ನೊಬ್ಬರ ಹೊಲ ಕೇಳಾಕಾಯ್ತದಾ?"

"ಅಪ್ಪ ಮೂವತ್ತು ವರ್ಷ ಗೊಬ್ಬರ ಹೊಡೆದ ಹೊಲ ಕಣೇ!"

"ಅದಕ್ಕೇ ಹುಲ್ಲು ಬಂದಿರೋದು" ಎಂದಳು. ಕೆನ್ನೆಗೆ ಬಾರಿಸಬೇಕೆನಿಸಿತು.

ಮಧ್ಯಾಹ್ನ ಮುದ್ದೆ, ಹುರುಳಿ ಸಾರು. ನಾಲ್ಕು ಗಂಟೆಗೆ ಕುರಿಗಾಹಿ ಓಬಳೇಶು ಮಂದೆ ಹೊಡೆದುಕೊಂಡು ಬಂದ. ರಾತ್ರಿ ಹೊಲದಲ್ಲಿ ಬಲೆ ಕಟ್ಟಿ ಕುರಿ ತರುಬಿದರೆ ಹಿಕ್ಕೆ, ಗಂಜಲ ಬಿದ್ದು ಮಣ್ಣಿಗೆ ಜೀವ ಬರುತ್ತದೆ. ಮೇಲಿನ ಮೆಟ್ಟಿಲುಗಳೂ ಹಾಗೆಯೇ ಹಸಿರಾಗಿದ್ದವಂತೆ. ಅವನು ತಂಗುವುದು ಅದೊಂದೇ ರಾತ್ರಿ. ಬೆಳಿಗ್ಗೆ ಪಾವಗಡದ ಕಡೆಗೆ ಹೊರಡುವವನು.

"ಮಂದೆಯನ್ನು ಹೊಲಕ್ಕೆ ಇಳಿಸಪ್ಪ" ಎಂದೆ, ವಾರ್ಡಿನಲ್ಲಿ ಹೇಳುತ್ತಿದ್ದ ಧ್ವನಿಯಲ್ಲೇ.

ಓಬಳೇಶು ತಲೆ ಕೆರೆದುಕೊಂಡ. "ಪೆದ್ದಮ್ಮಾ, ನೀನು ಈ ಕಡೆ ಅಂತೀಯ, ಚಿನ್ನಮ್ಮ, ನಿನ್ ತಂಗಿ, ಗುಡ್ಡದ ಕಡೆ ಅಂತಾಳೆ. ನನ್ ಕುರಿಗೆ ಎರಡ್ ಹೊಟ್ಟೆ ಇಲ್ಲ. ಅಕ್ಕತಂಗೇರು ಮಾತಾಡ್ಕಂಡು ಹೇಳ್ರಿ, ಅಷ್ಟೊತ್ತಿಗೆ ಬೀಡಿ ಸೇದ್ತೀನಿ."

"ಗುಡ್ಡಕ್ಕೇ" ಎಂದಳು ಗಂಗಮ್ಮ. "ಈ ಹಳ್ಳಕ್ಕೆ ಒಂದ್ ರಾತ್ರಿ ಮಂದೆ ಹಾಕಿದ್ರೆ ಏನ್ ಬಂತು? ಅಲ್ಲಿ ಈಗ್ಲೇ ಬೀಜ ಕಚ್ಚದಿದ್ರೆ ಮುಂದಿನ ಮಳೇಗೆ ಮಣ್ಣೆಲ್ಲ ಜಾರಿ ಹೋಯ್ತದೆ. ಆಗ ಹೊಲಾನೂ ಇಲ್ಲ, ಗುಡ್ಡಾನೂ ಇಲ್ಲ."

"ನಿನ್ನ ಹೊಟ್ಟೆಗೇನೇ?"

"ಕೂಲಿಗೆ ಹೋಯ್ತೀನಿ. ಹೋಗ್ದಿರೋಳಾ ನಾನು?"

ಯಜಮಾನರು ಕೆಮ್ಮಿದರು. "ಬಲೆ ಎಲ್ಲೈತೆ ಗಂಗಮ್ಮ? ಕೊಡು."

"ಅಲ್ಲೇ ಗೋಡೆಗೆ ಒರಗಿಸೀನಿ ಭಾವ."

ಕತ್ತಲಾಗುವುದರೊಳಗೆ ಕೆಳಗಿನ ಮೆಟ್ಟಿಲಿನ ಸುತ್ತ ಬಲೆ ಕಟ್ಟಬೇಕಿತ್ತು. ಯಜಮಾನರು ಗೂಟ ಹೊಡೆದರು, ತಂಗಿ ಬಲೆ ಎಳೆದಳು. ನಾನು ದೂರ ನಿಂತೇ ಇದ್ದೆ. ಬಲೆಯನ್ನು ಸಡಿಲವಾಗಿ ಕಟ್ಟುತ್ತಿದ್ದರು. ನೋಡಲಾಗದೆ ಕೊನೆಯ ಗೂಟವನ್ನು ನಾನೇ ಹಿಡಿದೆ. ನಾಲ್ಕು ಏಟಿಗೆ ಅದು ಗೇಣುದ್ದ ಕೆಂಪು ಮಣ್ಣು ದಾಟಿ ಬಿಳಿ ಪುಡಿಗೆ ಇಳಿಯಿತು. ಅಷ್ಟೇ ಇದ್ದದ್ದು, ಒಂದು ಗೇಣು. ಸುತ್ತ ಎದ್ದಿದ್ದ ಮಣ್ಣನ್ನು ಒಂದು ಹಿಡಿಯೂ ಕೆಳಗೆ ಜಾರದಂತೆ ಗೋರಿ, ಗೂಟದ ಬುಡಕ್ಕೆ ಒತ್ತಿ, ಮೆಟ್ಟಿ ಗಟ್ಟಿ ಮಾಡಿದೆ. ಓಬಳೇಶು ಕುರಿಗಳನ್ನು ಒಳಗೆ ಬಿಟ್ಟ. ನಾನು ಬಲೆಯ ಬಾಯಿ ಕಟ್ಟಿದೆ.