ಕಟ್ಟೆಯ ಕಂಡಕ್ಟರ್

ನೌಕರಿಯಿಂದ ನಿವೃತ್ತನಾದರೂ ಕಂಡಕ್ಟರನ ಮೈಯಿಂದ ಬಸ್ಸು ಇಳಿದಿಲ್ಲ. ಚರಂಡಿ, ನಲ್ಲಿ, ಬೀದಿದೀಪಗಳ ಗೋಳನ್ನು ಬಡಾವಣೆಯವರೆಲ್ಲ ಒಂದೇ ಕಡೆ ತೋಡಿಕೊಳ್ಳಲೆಂದು ಅವನು ಅಂತರ್ಜಾಲದಲ್ಲಿ ಚರ್ಚೆಯ ಕಟ್ಟೆಯೊಂದನ್ನು ತೆರೆದ. ತೆರೆದ ದಿನವೇ ಅದನ್ನೂ ಬಸ್ಸು ಮಾಡಿಕೊಂಡ. ಒಂದೇ ದೂರನ್ನು ಮತ್ತೆ ಮತ್ತೆ ಬರೆದವರಿಗೆ "ಬಾಗಿಲಲ್ಲೇ ನಿಲ್ಲಬೇಡಿ ಸ್ವಾಮಿ, ಒಳಗೆ ನಡೀರಿ" ಎಂದು ಬರೆಯುತ್ತಾನೆ. ಜಗಳ ತೆಗೆದವರಿಗೆ "ಮುಂದಿನ ಸ್ಟಾಪಲ್ಲಿ ಇಳಿಸಿಬಿಡ್ತೀನಿ ನೋಡಿ" ಎನ್ನುತ್ತಾನೆ. ಅವನ ಹತ್ತಿರ ಯಾರ ಶಿಫಾರಸ್ಸೂ ನಡೆಯದು, ಮೊದಲು ಹತ್ತಿದವರಿಗೇ ಮೊದಲ ಸೀಟು. ಆ ಸರದಿಯಲ್ಲೇ ದೂರುಗಳನ್ನು ಹೊತ್ತು ನಗರಸಭೆಯ ಎಂಜಿನಿಯರರ ಮುಂದೆ ಕೂರುತ್ತಾನೆ. ಕೆಲಸ ಆಗುವ ತನಕ ಜಿಗಣೆಯಂತೆ ಬಿಡುವುದಿಲ್ಲ. ಇತ್ತ ಅವನ ಮನೆಯೆದುರಿನ ಚರಂಡಿಯ ಚಪ್ಪಡಿಯೇ ಮುರಿದು ಬಾಯಿ ತೆರೆದು ಕೂತಿದೆ. ಮಂಡಿನೋವಿನ ಹೆಂಡತಿ, "ಊರಿಗೆ ಉಪಕಾರಿ, ಮನೆಗೆ ಮಾರಿ. ನಮ್ಮದನ್ನೂ ಒಂದು ಮಾತು ಹೇಳಬಾರದೇನ್ರೀ?" ಎಂದು ಚುಚ್ಚಿದರೆ, "ಜನ ನಿಂತಿರೋವಾಗ ಕಂಡಕ್ಟರ್ ಸೀಟು ಹಿಡಿಯೋದುಂಟೇನೇ?" ಎನ್ನುತ್ತಾನೆ. ಕೊನೆಗೊಂದು ದಿನ ರೇಗಿಹೋಗಿ ಅವಳೇ ಕಟ್ಟೆಯಲ್ಲಿ ದೂರು ಬರೆದಳು. "ಹಿಂದೆ ನಿಂತ್ಕೊಳ್ಳಿ ತಾಯಿ, ನಿಮ್ಮ ಸರದಿ ಬರುತ್ತೆ" ಎಂದು ಎಲ್ಲರೆದುರೇ ಉತ್ತರ ಕೊಟ್ಟ. ಬಡಾವಣೆಗೆ ಬಡಾವಣೆಯೇ ನಕ್ಕಿತು. ಅವಳು ಮಾತು ಬಿಟ್ಟಳು. ಅಂದಿನಿಂದ ಅವಳು ಹೊಲಿಗೆ ಅಂಗಡಿಯ ಕೆಲಸ ಮುಗಿಸಿ ಮನೆಗೆ ಬರುವ ಹೊತ್ತಿಗೆ ಅವನು ಎಲ್ಲಿದ್ದರೂ ಎದ್ದು ಬಂದು, ಮುರಿದ ಚಪ್ಪಡಿಯ ಪಕ್ಕ ನಿಲ್ಲುತ್ತಾನೆ. "ನಿಧಾನ, ಎಡಗಾಲು ಮೊದಲು" ಎಂದು ಕೈ ನೀಡುತ್ತಾನೆ. ಅವಳು ಮುಖ ಆ ಕಡೆ ತಿರುಗಿಸಿಕೊಂಡೇ, ಕೈ ಮಾತ್ರ ಗಟ್ಟಿಯಾಗಿ ಹಿಡಿದು ದಾಟುತ್ತಾಳೆ.