ಹದಿನಾಲ್ಕನೇ ನಂಬರ್ ಮನೆಯ ಗೇಟಿನಲ್ಲಿ ಮಹಾಸಭೆ

ಇಮುಸ್ ಊರಿನ ವಿಲ್ಯಾ ರೊಸಾಲಿಂದಾ ಬಡಾವಣೆಯಲ್ಲಿ ನೂರಿಪ್ಪತ್ತು ಮನೆ. ಆ ಮನೆಗಳವರ ಸಂಘದ ಬೈಲಾ ಇಪ್ಪತ್ತೆರಡು ಪುಟ. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದವಳು ಒಬ್ಬಳೇ, ಕಾರ್ಯದರ್ಶಿ ನೆನೀತಾ. ಹೈಸ್ಕೂಲಿನ ಕಚೇರಿಯಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿದ್ದು ನಿವೃತ್ತಳಾದ ಹೆಂಗಸು. ಸಹಿಯಿಲ್ಲದ ಕಾಗದ ಕಂಡರೆ ಮೈಮೇಲೆ ಜಿರಲೆ ಹರಿದಂತೆ ಆಡುತ್ತಿದ್ದಳು. ಯಾರಾದರೂ ಗೇಟಿಗೆ ಹಸಿರು ಬಿಟ್ಟು ಬೇರೆ ಬಣ್ಣ ಬಳಿದರೆ ಮರುದಿನವೇ ನೋಟಿಸು. ಬೆನ್ನ ಹಿಂದೆ ಜನ ಅವಳನ್ನು "ಬೈಲಾ ಅಕ್ಕ" ಅನ್ನುತ್ತಿದ್ದರು. ಎದುರಿಗೂ ಅನ್ನುತ್ತಿದ್ದರು ಬಿಡಿ, ಅವಳಿಗೇನೂ ಬೇಜಾರಿರಲಿಲ್ಲ.

ಇಂಥವಳೂ ಒಂದು ವಿಷಯಕ್ಕೆ ಹತ್ತೊಂಬತ್ತು ವರ್ಷ ಕಣ್ಣು ಮುಚ್ಚಿಕೊಂಡಿದ್ದಳು. ಮನೆಯಲ್ಲಿ ವ್ಯಾಪಾರ ಮಾಡಕೂಡದೆಂದು ಬೈಲಾದಲ್ಲಿದೆ. ಹದಿನಾಲ್ಕನೇ ನಂಬರಿನ ವಿಧವೆ ಲೂದಿ ಮಾತ್ರ ದಿನಾ ಬೆಳಿಗ್ಗೆ ಗೇಟಿನ ಹತ್ತಿರ ಒಲೆ ಹೂಡಿ ಶುಂಠಿ ಹಾಕಿದ ಲುಗಾವ್ ಗಂಜಿ ಮಾರುತ್ತಿದ್ದಳು. ಅವಳ ಬದುಕು ನಡೆಯುತ್ತಿದ್ದದ್ದೇ ಆ ಪಾತ್ರೆಯಿಂದ. ನೆನೀತಾಳ ತಿಂಡಿಯೂ ಅಲ್ಲೇ, ಬೇಯಿಸಿದ ಮೊಟ್ಟೆಯೊಂದರ ಜೊತೆ. ಯಾರೂ ದೂರು ಕೊಟ್ಟಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ.

ಆಮೇಲೆ ಹದಿನೈದನೇ ನಂಬರಿಗೆ ಎಲಿಸೆಯೊ ಎಂಬವರು ಬಂದರು. ಬೆಳಗಿನ ನಿದ್ದೆ ಹಾಳಾಗುತ್ತಿದೆಯೆಂದು ದೂರು ಬರೆದುಕೊಟ್ಟರು, ಸಹಿ ಸಮೇತ. ನೆನೀತಾ ಇನ್ನೇನು ಮಾಡಿಯಾಳು? ಹತ್ತು ದಿನದ ಗಡುವು. ಸೋಮವಾರ ಬೆಳಿಗ್ಗೆ ಎಂಟರೊಳಗೆ ಮಹಾಸಭೆ ಬೈಲಾ ತಿದ್ದದಿದ್ದರೆ ಒಲೆ ತೆಗೆಯಬೇಕು. ನೋಟಿಸನ್ನು ತಾನೇ ಕೊಂಡುಹೋಗಿ ಕೊಟ್ಟಳು. ಲೂದಿ ಓದಿದಳು, ಸಹಿ ಹಾಕಿದಳು, ಗಂಜಿ ಬಡಿಸಿದಳು. ಬಟ್ಟಲಲ್ಲಿ ಮೊಟ್ಟೆ ಇರಲಿಲ್ಲ.

"ಮೊಟ್ಟೆ ಎಲ್ಲೇ?"

"ಮೊಟ್ಟೆ ಕೊಡ್ಬೇಕು ಅಂತ ಬೈಲಾದಲ್ಲಿದೆಯಾ? ತೋರ್ಸು, ಕೊಡ್ತೀನಿ."

ಹತ್ತು ದಿನವೂ ಬರೀ ಗಂಜಿಯೇ. ಅದನ್ನೇ ಕುಡಿದು ನೆನೀತಾ ಮನೆಮನೆ ತಿರುಗಿ, ಭಾನುವಾರದ ಸಭೆಗೆ ಬನ್ರಪ್ಪಾ ಎಂದು ಗೋಗರೆದಳು. ಅರವತ್ತೊಂದು ಜನ ಇಲ್ಲದಿದ್ದರೆ ಕೋರಂ ಇಲ್ಲ, ಕೋರಂ ಇಲ್ಲದೆ ತಿದ್ದುಪಡಿ ಇಲ್ಲ.

ಅಲ್ಲಿಯ ಜನ ಸಭೆಗೆ ಬರುವುದೇ ಲಾಟರಿಗೆ. ಹಾಜರಿ ಹಾಕಿದವರ ಹೆಸರಿನ ಚೀಟಿ ಎತ್ತಿ ಒಂದು ಮೂಟೆ ಅಕ್ಕಿ ಕೊಡುತ್ತಾರೆ. ಆ ಚೀಟಿಯನ್ನು ಕಟ್ಟಕಡೆಗೆ ಎತ್ತಬೇಕು ಎಂಬುದು ಬೈಲಾದಲ್ಲಿಲ್ಲದಿದ್ದರೂ ನೆನೀತಾ ನಡೆಸಿಕೊಂಡು ಬಂದ ಕಟ್ಟಳೆ. ಭಾನುವಾರ ಎಪ್ಪತ್ನಾಲ್ಕು ಜನ ಸೇರಿದರು. ಅವಳು ಬಾಗಿಲಲ್ಲಿ, ಯಾರದೋ ಪರವಾಗಿ ಮತ ಹಾಕಲು ತಂದ ಸಹಿಯಿಲ್ಲದ ಒಪ್ಪಿಗೆಪತ್ರದ ಮೇಲೆ ಜಗಳಕ್ಕೆ ನಿಂತಿದ್ದಾಗ, ಒಳಗೆ ಅಧ್ಯಕ್ಷ ರೊಹೆಲ್ಯೊ, ತನ್ನ ಹುಂಜವನ್ನು ಮೂರು ಗಂಟೆಯ ಕೋಳಿ ಅಂಕಕ್ಕೆ ಒಯ್ಯುವ ಅವಸರದಲ್ಲಿ, ಅಕ್ಕಿಯ ಚೀಟಿಯನ್ನೇ ಮೊದಲು ಎತ್ತಿಬಿಟ್ಟ! ಗೆದ್ದವನು ಮೂಟೆ ಹೊತ್ತು ನಡೆದ, ಉಳಿದವರಲ್ಲಿ ಹಲವರು ಅವನ ಹಿಂದೆಯೇ ಎದ್ದರು. ಮತದ ಹೊತ್ತಿಗೆ ಇದ್ದದ್ದು ನಲವತ್ತೇಳು ತಲೆ.

"ನಿನ್ನ ಹುಂಜದ ಮನೆ ಹಾಳಾಗ!" ಅಂದಳು ನೆನೀತಾ, ಮೈಕಿನಲ್ಲೇ.

ಲೂದಿ ಕೊನೆಯ ಸಾಲಿನಲ್ಲಿ ಕೈಕಟ್ಟಿ ಕೂತಿದ್ದಳು. ಅವಳ ಮುಖ ನೋಡಲಾಗದೆ ನೆನೀತಾ ಬೈಲಾ ತಿರುವಿದಳು. ಹನ್ನೊಂದನೇ ಪುಟ: ಕೋರಂ ಇಲ್ಲದ ಸಭೆಯನ್ನು ಮುಂದೂಡಬಹುದು, ಸಮಯ, ಜಾಗ ಅಲ್ಲೇ ಸಾರಿದರೆ ಹೊಸ ನೋಟಿಸು ಬೇಡ, ಜಾಗ ಬಡಾವಣೆಯೊಳಗೆ ಎಲ್ಲಾದರೂ ಸರಿ. ಎರಡು ಸಲ ಓದಿದಳು.

"ಸಭೆ ನಾಳೆ ಬೆಳಿಗ್ಗೆ ಆರಕ್ಕೆ ಮುಂದುವರಿಯುತ್ತೆ. ಹದಿನಾಲ್ಕನೇ ನಂಬರ್ ಮನೆ ಗೇಟಲ್ಲಿ!"

ಸೋಮವಾರ ಕೆಲಸಕ್ಕೆ ಹೊರಟವರೆಲ್ಲ ಎಂದಿನಂತೆ ಗಂಜಿಗೆ ಬಂದರು. ಪಾತ್ರೆ ಕುದಿಯುತ್ತಿತ್ತು. ನೆನೀತಾ ಲೂದಿಯ ಕೈಯಿಂದ ಸೌಟು ಕಿತ್ತುಕೊಂಡಳು. "ಮತ ಹಾಕೋ ಮುಂಚೆ ಒಂದು ಚಮಚನೂ ಇಲ್ಲ. ಲಂಚ ಆಗುತ್ತೆ. ಮೊದ್ಲು ಸಹಿ!"

"ಅಕ್ಕಾ, ನನ್ನ ಜೀಪು ಹೋಗ್ಬಿಡುತ್ತೆ!"

"ಹೋಗ್ಲಿ, ಇನ್ನೊಂದು ಬರುತ್ತೆ."

ಏಳೂವರೆಗೆ ತಾನೂ ಲೂದಿಯೂ ಸೇರಿ ಅರವತ್ತು. ಏಳೂ ಮುಕ್ಕಾಲಿಗೂ ಅಷ್ಟೇ. ನೆನೀತಾ ಹಾಜರಿ ಪಟ್ಟಿಯನ್ನು ಮತ್ತೆ ಮೊದಲಿನಿಂದ ಎಣಿಸಿದಳು. ಆಗ ಪಕ್ಕದ ಮನೆಯ ಬಾಗಿಲು ತೆರೆದು, ಕೆದರಿದ ಕೂದಲಿನ ಎಲಿಸೆಯೊ ಹೊರಬಂದರು.

"ನಂದು ವಿರೋಧ! ಬರ್ಕೊಳ್ಳಿ, ವಿರೋಧ!"

"ಖಂಡಿತ ಬರ್ಕೊಳ್ತೀನಿ ಸಾರ್. ಮೊದ್ಲು ಹಾಜರಿಗೆ ಸಹಿ ಹಾಕಿ."

ಹಾಕಿದರು. ಅರವತ್ತೊಂದು! ನೆನೀತಾ ಸೌಟು ವಾಪಸು ಕೊಟ್ಟು ಮತ ಕೇಳಿದಳು. ಐವತ್ತೆಂಟು ಚಮಚ, ಲೂದಿಯ ಸೌಟು, ನೆನೀತಾಳ ಪೆನ್ನು ಮೇಲೆದ್ದವು. ವಿರೋಧ ಒಂದು.

"ಅಂದ್ರೆ ನಾನು ಬರದೇ ಇದ್ದಿದ್ರೆ?" ಎಲಿಸೆಯೊ ಬೆಪ್ಪಾಗಿ ಕೇಳಿದರು.

"ಒಲೆ ಹೋಗ್ತಿತ್ತು ಸಾರ್. ಕೂತ್ಕೊಳ್ಳಿ, ಬಿಸಿಯಾಗಿ ಗಂಜಿ ಕುಡೀರಿ."

ಜನ ಚದುರಿದ ಮೇಲೆ ಲೂದಿ ನೆನೀತಾಳ ಬಟ್ಟಲು ತಂದಿಟ್ಟು ಎದುರಿಗೆ ಕೂತಳು. ಬರೀ ಗಂಜಿ.

"ನಿಜ ಹೇಳು. ಅರವತ್ತೇ ಆಗಿದ್ರೆ ನನ್ನ ಒಲೆ ತೆಗೆಸ್ತಿದ್ಯಾ?"

ನೆನೀತಾಳಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ತೆಗೆಸ್ತಿದ್ದೆ ಕಣೆ. ಆಮೇಲೆ ಮನೆಗೆ ಹೋಗಿ ಅಳ್ತಿದ್ದೆ."

"ನಂಗೊತ್ತಿತ್ತು," ಅಂದಳು ಲೂದಿ. "ತಿನ್ನು, ಆರಿಹೋಗುತ್ತೆ."

ಚಮಚ ಆಡಿಸಿದಾಗ ತಳದಲ್ಲಿ ಮೊಟ್ಟೆ ಸಿಕ್ಕಿತು. ಅದರ ಪಕ್ಕದಲ್ಲಿ ಇನ್ನೊಂದು. ನೆನೀತಾ ಬೈಲಾ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡು ಅತ್ತಳು.