ಗೌರಿಯ ಎತ್ತರಕ್ಕೆ ಬೆವರಿದ ಗೋಡೆ

ಸಂಜೆ ಆರು ಗಂಟೆ. ಇವತ್ತು ಇಡೀ ದಿನ ಗೋಡೆ ಕೀಳುವುದೇ ಆಯಿತು. ಕೈಯೆಲ್ಲ ಮಣ್ಣು, ಮೂಗಿನಲ್ಲಿ ಇನ್ನೂ ಬೂಷ್ಟಿನ ವಾಸನೆ.

ಹೇಳಿದರೆ ನೀವು ನಂಬುತ್ತೀರೋ ಇಲ್ಲವೋ... ನಮ್ಮ ನಡುಮನೆಯ ಒಂದು ಮೂಲೆಯ ಗೋಡೆ ವರ್ಷದಿಂದ ಬೆವರುತ್ತಿತ್ತು.

ಸೋರಿ ನೆನೆದದ್ದಲ್ಲ. ಆ ಗೋಡೆಯ ಹಿಂದೆ ಬಚ್ಚಲಿಲ್ಲ, ಮೇಲೆ ಹೆಂಚು ನೆಟ್ಟಗಿದೆ. ನಾನೇ ಹತ್ತಿ ಒಂದೊಂದನ್ನೂ ಎತ್ತಿ ನೋಡಿದ್ದೇನೆ. ಬಿಸಿಲಿನ ದಿನ ಗೋಡೆ ಒಣಗಿ ಬೆಳ್ಳಗೆ ಪುಡಿ ಏಳುತ್ತದೆ. ಮೋಡ ಮುಸುಕಿದರೆ ಸಾಕು, ಹನಿಹನಿಯಾಗಿ ನೀರು ಕೂಡುತ್ತದೆ.

ಅದು ಗೌರಿ ಮಲಗುತ್ತಿದ್ದ ಮೂಲೆ. ನನ್ನ ಮಗಳು. ಆರು ವರ್ಷ. ಹೋದ ವರ್ಷ ಶ್ರಾವಣದಲ್ಲಿ ಜ್ವರ ಬಂದು ನಾಲ್ಕನೆಯ ದಿನ ಹೋದಳು.

ಅವಳನ್ನು ಮಣ್ಣು ಮಾಡಿ ಬಂದ ತಿಂಗಳಿಗೆ, ನೆಲದಿಂದ ಒಂದು ಗೇಣು ಒದ್ದೆ ಕಂಡಿತು. ದೀಪಾವಳಿಗೆ ಮೊಳಕಾಲಿನೆತ್ತರ. ಆ ಮೂಲೆಯ ಪೆಟ್ಟಿಗೆಯಲ್ಲಿದ್ದ ಬಟ್ಟೆಗಳಿಗೆಲ್ಲ ಬೂಷ್ಟು ಹಿಡಿಯಿತು.

ಯುಗಾದಿಯ ಹೊತ್ತಿಗೆ ಹಾಸನದಿಂದ ಒಂದು ಮೂಟೆ ಸಿಮೆಂಟು ತಂದು ನಾನೇ ಮೆತ್ತಿದೆ. ಹದಿನೈದು ದಿನ ಕಲ್ಲಿನಂತೆ ಒಣಗಿ ನಿಂತಿತ್ತು.

ಆಮೇಲೆ ಒದ್ದೆ ಆ ಸಿಮೆಂಟನ್ನೂ ದಾಟಿ ಮೇಲಕ್ಕೆ ಬಂತು. ಕಪ್ಪು, ಹಸಿರು ಬೂಷ್ಟು, ಸರಿಯಾಗಿ ನನ್ನ ಸೊಂಟದೆತ್ತರಕ್ಕೆ.

ಒಂದು ದಿನ ಅವ್ವ ಅಲ್ಲಿ ನಿಂತು ಆ ಬೂಷ್ಟಿನ ಅಂಚಿನ ಮೇಲೆ ಅಂಗೈ ಇಟ್ಟಳು. ಮಗುವಿನ ತಲೆಯ ಮೇಲೆ ಇಡುವ ಹಾಗೆ.

"ಇದ್ದಿದ್ರೆ ಈಗ ಇಷ್ಟೇ ಉದ್ದ ಆಗಿರೋಳು ಕಣೋ," ಅಂದಳು.

ಅದು ನಿಜ.

ಈ ಸುದ್ದಿ ಮಲ್ಲಿಪಟ್ಟಣಕ್ಕೂ ಮುಟ್ಟಿತು. ನನ್ನ ಹೆಂಡತಿ ಜಯ ಅಲ್ಲಿ ತವರಿನಲ್ಲಿ ಬಾಣಂತಿ. ಗಂಡು ಮಗು, ಮೂರು ತಿಂಗಳು ತುಂಬಿದೆ. ಕರೆತರಲು ಹೋದರೆ ಮಗುವನ್ನು ಎತ್ತಿಕೊಂಡು ಬಾಗಿಲಲ್ಲೇ ನಿಂತಳು.

"ಗ್ವಾಡೆ ಒಣಗ್ಲಿ, ಬತ್ತೀನಿ. ಒಂದ್ ಮಗೀನ ಆ ಮೂಲೇಲಿ ಕಳ್ಕಂಡಿವ್ನಿ. ಇದ ಅಲ್ಲಿ ಮಲಗ್ಸಾಕಿಲ್ಲ."

ಬಸ್ಸಿನಲ್ಲಿ ಒಬ್ಬನೇ ಶಾಂತಿಗ್ರಾಮಕ್ಕೆ ವಾಪಸ್ಸು ಬಂದೆ.

ಇವತ್ತು ಹೊಳೆನರಸೀಪುರದಿಂದ ಗಾರೆ ಕೆಲಸದ ರಂಗಯ್ಯನನ್ನು ಕರೆಸಿದ್ದೆ. ಅರವತ್ತು ದಾಟಿದ ಮನುಷ್ಯ. ಗೋಡೆ ನೋಡಿದ ಕೂಡಲೇ ನಕ್ಕ.

"ಇದ್ಯಾವ ಮೇಸ್ತ್ರಿ ಸಾ, ಇಂಗೆ ಮೆತ್ತವ್ನೆ?"

"ನಾನೇ."

"ಅಂಗನ್ನಿ! ಮಣ್ಣಿನ ಗ್ವಾಡೆಗೆ ಸಿಮೆಂಟ್ ಮೆತ್ತುದ್ರೆ ಬಾಯಿ ಕಟ್ಟಿದಂಗೆ ಕಣ್ ಸಾ. ಒಳಗಿನ್ ತ್ಯಾವ ಮೇಲಕ್ಕೆ ಅತ್ತದೆ ಇನ್ನೇನ್ ಮಾಡಾತು?"

ಸಿಮೆಂಟು ಕಿತ್ತ. ಹಿಂದಿನ ಮಣ್ಣು ಮೆತ್ತಗೆ ಅವನ ಕೈಗೇ ಬಂತು. ಅದಕ್ಕೆ ಬೆರಳು ಒತ್ತಿ, ನಾಲಗೆಗೆ ಇಟ್ಟುಕೊಂಡ.

"ಉಪ್ಪು ಸಾ."

ಅಡುಗೆಮನೆಯಲ್ಲಿ ಅವ್ವನ ಕೈಯಿಂದ ಪಾತ್ರೆ ಬಿದ್ದ ಸದ್ದು.

ನಾನೂ ಬೆರಳಿಟ್ಟು ನೋಡಿದೆ. ಉಪ್ಪೇ. ಕಣ್ಣೀರಿನ ರುಚಿ... ಬೆರಳನ್ನು ಪಂಚೆಗೆ ಒರೆಸಿಕೊಂಡು ಹಿಂದೆ ಸರಿದೆ.

"ಎದರ್ಕಬ್ಯಾಡಿ," ಅಂದ ರಂಗಯ್ಯ. "ಉಪ್ಪು ಎಲ್ಲಿದ್ರೂ ಗಾಳೀಲಿರೋ ನೀರ ಕುಡೀತದೆ. ಉಪ್ಪಿನ್ ಗಡಿಗೆ ಏನಾರ ಇಲ್ಲಿ ಮಡಗಿದ್ರಾ?"

ಇಲ್ಲ. ನಮ್ಮ ಉಪ್ಪಿನ ಗಡಿಗೆ ಮೊದಲಿನಿಂದಲೂ ಒಲೆಯ ಪಕ್ಕದಲ್ಲೇ.

"ಅಂಗಾದ್ರೆ ಬುಡದಲ್ಲಿ ಏನೋ ಅದೆ." ಗುದ್ದಲಿ ಎತ್ತಿದ.

ಅವ್ವ ಓಡಿಬಂದು ಆ ಮೂಲೆಯಲ್ಲೇ ಕೂತುಬಿಟ್ಟಳು. "ಅಗೀಬ್ಯಾಡ ಕಣಪ್ಪ, ನಿನ್ ದಮ್ಮಯ್ಯ."

"ನಾನ್ ಗ್ವಾಡೆ ನೋಡಾಕ್ ಬಂದಿವ್ನಿ ಕಣವ್ವ. ನಿನ್ ಗಂಟಿಗೆ ಕೈ ಆಕಾಕಲ್ಲ," ಎಂದು ತಮಾಷೆ ಮಾಡಿದ. ನಾವಿಬ್ಬರೂ ನಗದಿದ್ದದ್ದು ಕಂಡು, ಗುದ್ದಲಿಯನ್ನು ನನ್ನ ಕೈಗೆ ಕೊಟ್ಟು, ಎಲೆ ಅಡಿಕೆ ಹಾಕಿಕೊಳ್ಳುತ್ತಾ ಜಗುಲಿಗೆ ಹೋದ.

ನಾನು ನಿಂತೇ ಇದ್ದೆ. ಕೊನೆಗೆ ಅವ್ವ ತಾನಾಗಿಯೇ ಸರಿದು ಕುಳಿತಳು.

ಅಗೆದೆ. ಒಂದು ಮೊಳ ಆಳದಲ್ಲಿ ಒಂದು ಗಡಿಗೆ. ತಳ ಸೀಳಿದೆ. ಬಾಯಿಗೆ ಗೌರಿಯ ಹಸಿರು ಲಂಗದ ತುಂಡು ಕಟ್ಟಿದೆ. ಬಟ್ಟೆಯ ತುಂಬ ನರೆಗೂದಲಿನಂಥ ಬೂಷ್ಟು. ಬಿಚ್ಚಿದರೆ, ಒಳಗೆ ಅರ್ಧ ಕರಗಿದ ಕಲ್ಲುಪ್ಪು.

ನನಗೆ ಗುರುತು ಸಿಕ್ಕಿತು. ನಮ್ಮಲ್ಲಿ ಮಣ್ಣು ಮಾಡುವಾಗ ಗುಂಡಿಗೆ ಉಪ್ಪು ಸುರಿಯುತ್ತೇವೆ. ಅವತ್ತು ಚೀಲದ ತುಂಬ ಉಪ್ಪು ತಂದು ಮನೆಯಲ್ಲಿ ಇಳಿಸಿದವನು ನಾನು. ಗುಂಡಿಯ ಹತ್ತಿರ ಬಿಚ್ಚಿದಾಗ ಚೀಲ ಅರ್ಧವೇ ಇತ್ತು. ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಅವ್ವ ನೆಲ ನೋಡುತ್ತಾ ಹೇಳಿದಳು.

"ಉಪ್ಪು ಜಾಸ್ತಿ ಆಕುದ್ರೆ ಮೈ ಬೇಗ ಕರಗೋಯ್ತದೆ ಅಂತಾರೆ. ನಮ್ ಕೂಸಲ್ವಾ... ಒಸಿ ದಿನ ಅಂಗೇ ಇರ್ಲಿ ಅಂತ ತಗ್ದು ಮಡಗ್ದೆ ಕಣೋ ಮಗ. ಅಡುಗೇಗೆ ಮುಟ್ಟಂಗಿಲ್ಲ. ಬಿಸಾಕಾಕೆ ಕೈ ಬರ್ನಿಲ್ಲ. ಅದ್ಕೆ ಅವ್ಳು ಮಲಗ್ತಿದ್ದ ತಾವ್ಲೇ ಊತಾಕ್ದೆ."

ನಾನು ಗಡಿಗೆಯನ್ನು ಎತ್ತಿ ಅವಳ ಪಕ್ಕದಲ್ಲಿಟ್ಟೆ.

ಮಧ್ಯಾಹ್ನವೆಲ್ಲ ರಂಗಯ್ಯ ಉಪ್ಪು ಕುಡಿದ ಮಣ್ಣನ್ನು ಕೆರೆದ. ನಾಲಗೆಗೆ ಸಪ್ಪೆ ಅನ್ನಿಸುವವರೆಗೂ ಬಿಡಲಿಲ್ಲ. ಆ ಮಣ್ಣು ಮನೆಯ ಹತ್ತಿರ ಇರಬಾರದು, ಹೊಸ ಮಣ್ಣಿನ ಮೇಲೆ ಸುಣ್ಣ ಮಾತ್ರ ಬಳಿಯಬೇಕು, ಕಿಟಕಿ ಮುಚ್ಚಬಾರದು ಎಂದ. ಪೆಟ್ಟಿಗೆಯ ಬಟ್ಟೆಗಳನ್ನೆಲ್ಲ ಒಗೆದು ಬಿಸಿಲಿಗೆ ಹಾಕಿಸಿದ.

"ಸಂಕ್ರಾಂತಿ ಒತ್ತಿಗೆ ಒಣಗ್ತದೆ. ಅಮ್ಮಾರ್ನ, ಮಗೀನ ಕರ್ಕಬನ್ನಿ ಸಾ."

ಈಗ ಅವನು ಹೋಗಿದ್ದಾನೆ. ಗೋಡೆ ಇದ್ದಲ್ಲಿ ನನ್ನ ಸೊಂಟದೆತ್ತರಕ್ಕೆ ಒಂದು ಗೂಡು. ಒಂದು ಮಗು ಒಳಗೆ ನಿಲ್ಲಬಹುದು, ಅಷ್ಟು ಅಗಲ.

ಈ ವರ್ಷ ಬೀದಿಗೆ ಕರೆಂಟು ಬಂದಿದೆ, ನಮ್ಮ ಮನೆಗೆ ಇನ್ನೂ ಬಂದಿಲ್ಲ. ಕಿಟಕಿಯಿಂದ ಬೀಳುವ ಬೀದಿದೀಪದ ಬೆಳಕಿನಲ್ಲಿ ಅವ್ವ ಗೂಡಿನ ಮುಂದೆ ಕೂತಿದ್ದಾಳೆ. ಗಡಿಗೆ ಮಡಿಲಲ್ಲಿದೆ.

ಮೋಡ ಕವಿಯುತ್ತಿದೆ. ಎರಡು ಸಲ ಹೋಗಿ ಗೂಡಿನ ಅಂಚು ಮುಟ್ಟಿ ನೋಡಿದೆ... ಒಂದು ಹನಿಯೂ ಇಲ್ಲ. ಅವ್ವನ ಮಡಿಲು ಮಾತ್ರ ಒದ್ದೆಯಾಗಿದೆ.

"ಈಗ ಆಕುದ್ರೂ ಆಯ್ತದಾ ಮಗ?" ಎಂದು ಕೇಳಿದಳು. ಆಗುತ್ತದೆ ಅಂದೆ.

ನಾಳೆ ರಂಗಯ್ಯ ಎಂಟು ಗಂಟೆಗೆ ಬರುತ್ತಾನೆ. ಅಷ್ಟರೊಳಗೆ ಅವ್ವನೂ ನಾನೂ ಆ ಉಪ್ಪನ್ನು ಗೌರಿಯ ಮಣ್ಣಿಗೆ ಹಾಕಿ ಬರುತ್ತೇವೆ.